ಚಡ್ಡಿ ಮಾತ್ರ ನೀಲಿ

ಬೂರುಗದ ಹತ್ತಿಯ ಹಾಸಿಗೆಗೆ ಒತ್ತು ನೇಯ್ಗೆಯ ಪಟ್ಟೆ ಬಟ್ಟೆಯೇ ಆಗಬೇಕು. ತೆಳುವಾದರೆ ಹತ್ತಿ ಎಳೆ ಎಳೆಯಾಗಿ ಹೊರಗೆ ಬಂದು ಮಲಗಿದವರ ಮೂಗಿಗೆ ಹೋಗುತ್ತದೆ. ಸಿದ್ಧಕಟ್ಟೆ ಪೇಟೆಯಲ್ಲಿ ನಮ್ಮ ಮಾವನವರು ಟೇಲರ್ ಅಂಗಡಿ ಇಟ್ಟ ಕಾಲದಿಂದಲೂ ಆ ಬಟ್ಟೆಯ ಒಂದು ಥಾನು ಮೂಲೆಯಲ್ಲಿ ಉಂಟು. ಹಾಗಾಗಿ ಸ್ಪೇನ್ ದೇಶದ ಅಟ್ಲೆಟಿಕೊ ಮ್ಯಾಡ್ರಿಡ್ ಎಂಬ ಫುಟ್‌ಬಾಲ್ ಕ್ಲಬ್ಬಿನವರನ್ನು ಜನ ಹಾಸಿಗೆಯವರು ಎಂದು ಕರೆಯುವುದು ಯಾಕೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅಲ್ಲಿಯ ಹಾಸಿಗೆ ಬಟ್ಟೆ ಕೆಂಪು-ಬಿಳಿ ಪಟ್ಟೆಯದ್ದು, ಇವರ ಅಂಗಿಯೂ ಅದೇ.

ಆದರೆ ಆ ಪಟ್ಟೆಯನ್ನು ಅವರು ಆರಿಸಿಕೊಂಡದ್ದಲ್ಲ. 1903ರಲ್ಲಿ ಬಿಲ್ಬಾವೊ ಕಡೆಯ ವಿದ್ಯಾರ್ಥಿಗಳು ಮ್ಯಾಡ್ರಿಡ್‌ನಲ್ಲಿ ಕಟ್ಟಿದ ತಂಡ ಅದು. ಊರಿನ ಅಥ್ಲೆಟಿಕ್ ಬಿಲ್ಬಾವೊ ಕ್ಲಬ್ಬಿನ ಶಾಖೆ. ಎರಡೂ ಕಡೆಯವರು ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ತಂಡದ ಹಾಗೆ ಅರ್ಧ ನೀಲಿ ಅರ್ಧ ಬಿಳಿ ಅಂಗಿ ಹಾಕುತ್ತಿದ್ದರು. 1909ರ ಕೊನೆಗೆ ಹುವಾನ್ ಎಲೊರ್ದುಯ್ ಎಂಬವರು ಇಂಗ್ಲೆಂಡಿಗೆ ಹೊರಟಾಗ ಹೊಸ ಅಂಗಿ ತರಲು ಹೇಳಿ ಕಳಿಸಿದರು. ಬೇಕಾದಷ್ಟು ಸಿಗಲಿಲ್ಲ. ಬರಿಗೈಯಲ್ಲಿ ಹೋಗುವುದು ಹೇಗೆ? ಹಡಗು ಹತ್ತುವ ಸೌತಾಂಪ್ಟನ್ ಬಂದರಿನಲ್ಲಿ ಆ ಊರಿನ ತಂಡದ ಕೆಂಪು-ಬಿಳಿ ಪಟ್ಟೆಯ 50 ಅಂಗಿ ಕೊಂಡು ತಂದರು. ಅಂಗಿ ಹಂಚಿ ಆಯಿತು. ಬಿಲ್ಬಾವೊದವರು ಕಪ್ಪು ಚಡ್ಡಿಗೆ ಹೋದರು. ಮ್ಯಾಡ್ರಿಡ್‌ನವರು ಹಳೆಯ ನೀಲಿ ಚಡ್ಡಿಯನ್ನೇ ಇಟ್ಟುಕೊಂಡರು. ನೂರು ವರ್ಷ ದಾಟಿದರೂ ಅವರ ಚಡ್ಡಿ ನೀಲಿಯೇ. ಕೋಟಿಗಟ್ಟಲೆ ವ್ಯವಹಾರದ ಕ್ಲಬ್ಬು ಅದು; ಅದರ ಬಣ್ಣ ನಿರ್ಧರಿಸಿದ್ದು ಒಂದು ಅಂಗಡಿಯಲ್ಲಿ ಅವತ್ತು ಇದ್ದ ದಾಸ್ತಾನು.

ನಮ್ಮದು ಫುಟ್‌ಬಾಲಿನ ಊರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕಬಡ್ಡಿ, ವಾಲಿಬಾಲ್, ಮಳೆ ಬಿಟ್ಟ ಮೇಲೆ ಕ್ರಿಕೆಟ್, ಮತ್ತೆ ಕಂಬಳ. ಫುಟ್‌ಬಾಲು ಮಳೆಗಾಲದಲ್ಲಿ ಶಾಲೆ ಮೈದಾನದಲ್ಲಿ, ಇಲ್ಲವೇ ಆಟಿ ತಿಂಗಳ ಕೆಸರುಗದ್ದೆಯಲ್ಲಿ. ಅಲ್ಲಿ ಐದು ನಿಮಿಷ ಕಳೆದರೆ ಎರಡೂ ತಂಡದ್ದು ಒಂದೇ ಬಣ್ಣ. ಆದರೆ ಸಂಗಬೆಟ್ಟಿನ ವಾಲಿಬಾಲ್ ಅಂಕಣವಿರಲಿ, ವಾಮದಪದವಿನ ಕಬಡ್ಡಿ ಮ್ಯಾಟ್ ಇರಲಿ, ಹುಡುಗರ ಮೈಮೇಲೆ ಇರುವುದು ಮಾತ್ರ ಫುಟ್‌ಬಾಲ್ ಅಂಗಿ. "ಅಕ್ಕ, ಹೀಗೆಯೇ ಬೇಕು" ಎಂದು ಮೊಬೈಲ್ ಹಿಡಿಯುತ್ತಾರೆ. ಆ ಚಿತ್ರದ ಅಂಗಿ ಯಾವ ಊರಿನದ್ದು, ಆ ಬಣ್ಣ ಎಲ್ಲಿಂದ ಬಂತು ಎಂದು ಹುಡುಕಿ ಓದುವುದು ನನ್ನ ಚಟ. ಗುಬ್ಬಿ ಹಾಕುತ್ತಾ ಕುಳಿತವಳಿಗೆ ತಲೆಗೂ ಏನಾದರೂ ಕೆಲಸ ಬೇಕಲ್ಲ!

ಓದಿದಷ್ಟೂ ದಾರಿ ಒಂದೇ ಊರಿಗೆ ಹೋಗುತ್ತದೆ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಗೆ. 1865ರಲ್ಲಿ ಅಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಎಂಬ ಕ್ಲಬ್ಬು ಶುರುವಾದಾಗ ಅದರ ಸದಸ್ಯರು ಮಾಡಿದ ಮೊದಲ ಖರ್ಚುಗಳಲ್ಲಿ ಒಂದು ಡಜನ್ ಕೆಂಪು ಟೊಪ್ಪಿಯೂ ಸೇರಿತ್ತು. ಆಗ ತಂಡವನ್ನು ಗುರುತಿಸುತ್ತಿದ್ದದ್ದು ಟೊಪ್ಪಿಯಿಂದ. ಇಟಲಿಯ ಗ್ಯಾರಿಬಾಲ್ಡಿಯ ಸೈನಿಕರು ಕೆಂಪಂಗಿಯವರು, ಅವರ ಅಭಿಮಾನಕ್ಕೆ ಆ ಕೆಂಪು. ಗ್ಯಾರಿಬಾಲ್ಡಿಗೆ ಆ ಅಂಗಿ ದಕ್ಷಿಣ ಅಮೆರಿಕದಲ್ಲಿದ್ದಾಗ ಸಿಕ್ಕಿದ್ದು, ಕಸಾಯಿಖಾನೆಯ ಕೆಲಸಗಾರರಿಗೆಂದು ಮಾಡಿಟ್ಟದ್ದು ಎಂದು ಹೇಳುತ್ತಾರೆ. ರಕ್ತದ ಕಲೆ ಕಾಣಬಾರದೆಂಬ ಲೆಕ್ಕ ಇದ್ದೀತು. 1886ರಲ್ಲಿ ಲಂಡನ್ನಿನ ವುಲ್ವಿಚ್‌ನ ಮದ್ದುಗುಂಡಿನ ಕಾರ್ಖಾನೆಯ ನೌಕರರು ತಂಡ ಕಟ್ಟಿದರು. ಅವರಲ್ಲಿ ಕೆಲವರು ಹಿಂದೆ ಫಾರೆಸ್ಟ್‌ನಲ್ಲಿ ಆಡಿದವರು. ಹಳೆಯ ಕ್ಲಬ್ಬಿಗೆ ಪತ್ರ ಬರೆದರು. ಕೆಂಪು ಅಂಗಿಗಳೂ ಒಂದು ಚೆಂಡೂ ಬಂದವು. ಅದೇ ಆರ್ಸೆನಲ್. 1906ರಲ್ಲಿ ಪ್ರಾಗ್‌ನ ಸ್ಪಾರ್ಟಾ ಕ್ಲಬ್ಬಿನ ಅಧ್ಯಕ್ಷರು ಆರ್ಸೆನಲ್ ಆಟ ನೋಡಿ ಅದೇ ಕೆಂಪನ್ನು ತಮ್ಮೂರಿಗೆ ಒಯ್ದರು. ಆರ್ಸೆನಲ್ ಅಂಗಿಗೆ ಬಿಳಿ ತೋಳು ಸೇರಿದ್ದು 1933ರಲ್ಲಿ, ಮ್ಯಾನೇಜರ್ ಹರ್ಬರ್ಟ್ ಚಾಪ್‌ಮನ್ ಕಾಲದಲ್ಲಿ.

ಅದೇ ನಾಟಿಂಗ್‌ಹ್ಯಾಮ್‌ನ ಇನ್ನೊಂದು ತಂಡ ನಾಟ್ಸ್ ಕೌಂಟಿ, ಕಪ್ಪು-ಬಿಳಿ ಪಟ್ಟೆಯವರು. ಇಟಲಿಯ ಯುವೆಂಟಸ್‌ನವರು ಮೊದಲು ಹಾಕುತ್ತಿದ್ದದ್ದು ಗುಲಾಬಿ ಅಂಗಿ, ಅದು ಒಗೆದಷ್ಟೂ ಮಾಸುತ್ತಿತ್ತು. ಗುಲಾಬಿಯ ಹಣೆಬರಹವೇ ಅದು. ಮದುವೆ ರವಿಕೆಗೆ ಸರಿ, ಆಟಕ್ಕಲ್ಲ. 1903ರಲ್ಲಿ ತಂಡದಲ್ಲಿದ್ದ ಇಂಗ್ಲಿಷ್ ಆಟಗಾರ ಜಾನ್ ಸ್ಯಾವೇಜ್ ಮೂಲಕ ನಾಟಿಂಗ್‌ಹ್ಯಾಮ್‌ನಿಂದ ಅಂಗಿ ತರಿಸಿದರು. ಬಂದದ್ದು ಕೌಂಟಿಯ ಕಪ್ಪು-ಬಿಳಿ. ಇವತ್ತಿಗೂ ಅದೇ.

ಪುಸ್ತಕಗಳಲ್ಲಿ ಇವನ್ನೆಲ್ಲ ಗೆಳೆತನದ ಕಥೆಗಳ ಹಾಗೆ ಬರೆಯುತ್ತಾರೆ. ನನಗೆ ಕಾಣುವುದು ಬೇರೆ. ನಾಟಿಂಗ್‌ಹ್ಯಾಮ್ ಆ ಕಾಲದ ಲೇಸು ಮತ್ತು ಹೊಸೈರಿಯ ಪೇಟೆ. ನಮ್ಮ ಬನಿಯಾನು ತಿರುಪುರದಿಂದ ಬರುವುದು ಅಲ್ಲಿ ನಮಗೆ ನೆಂಟರಿದ್ದಾರೆಂದಲ್ಲ, ಅಲ್ಲಿ ಹೆಣೆಯುವ ಯಂತ್ರ ಉಂಟು ಎಂದು. ಅಂಗಿ ಹೊರಡುವುದು ಹೆಣೆಯುವ ಊರಿನಿಂದ. ಬಣ್ಣವೂ ಅದರ ಜೊತೆ ಹೋಗುತ್ತದೆ.

ಕಲ್ಕತ್ತದಲ್ಲೂ ಹಾಗೆಯೇ. 1911ರ ಜುಲೈ 29ರಂದು ಬ್ರಿಟಿಷ್ ಸೈನ್ಯದ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿದ ಮೋಹನ್ ಬಾಗಾನ್ ಹಸಿರು-ಮರೂನಿನ ತಂಡ. ಹನ್ನೊಂದು ಜನರಲ್ಲಿ ಬೂಟು ಹಾಕಿದ್ದವರು ಒಬ್ಬರೇ. 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲಿಗೆ ಕೆಂಪು-ಬಂಗಾರದ ಬಣ್ಣ ಸಿಕ್ಕಿದ್ದು ಚೌರಂಗಿಯ ವೈಟ್‌ವೇ ಲೈಡ್ಲಾ ಅಂಗಡಿಯಲ್ಲಿ ತೂಗುಹಾಕಿದ್ದ ಅಂಗಿಯಿಂದ ಎಂಬುದು ಕ್ಲಬ್ಬಿನವರೇ ಹೇಳಿಕೊಳ್ಳುವ ಕಥೆ. ಆ ಅಂಗಿ ತೊಟ್ಟು ದೊಡ್ಡ ಹೆಸರು ಮಾಡಿದವರಲ್ಲಿ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಒಬ್ಬರು, 1949ರಲ್ಲಿ ಅಲ್ಲಿಗೆ ಹೋದವರು. ಅದಕ್ಕೂ ಮೊದಲು, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತ್ತು. ಬ್ರಿಟಿಷ್ ಪಲ್ಟಣಗಳ ಕೈಯಲ್ಲಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ, ಮರುವರ್ಷವೂ ಅವರದ್ದೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದದ್ದು ಮೈಸೂರಿನ ಪರ ಆಡುತ್ತಿದ್ದ ಸಾರಂಗಪಾಣಿ ರಾಮನ್. ನಮ್ಮ ತಂಡದ ಹೆಚ್ಚಿನವರು ಅವತ್ತೂ ಬರಿಗಾಲಲ್ಲಿದ್ದರು. ಈಗಿನ ಹುಡುಗರಿಗೆ ಬೆಂಗಳೂರು ಎಂದರೆ 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿಯ ನೀಲಿ, ಕಂಠೀರವದ ಪಶ್ಚಿಮ ಗ್ಯಾಲರಿ. ನೀಲಿ ಅಂಗಿಯ ಆರ್ಡರು ನನಗೂ ಹೆಚ್ಚಾಗಿದೆ.

ಮಾವನವರ ಕಾಲದಲ್ಲಿ ಆರಿಸುವ ಮಾತೇ ಇರಲಿಲ್ಲ. ಮೇಲೆ ಬಿಳಿ ಬನಿಯಾನು, ಕೆಳಗೆ ಶಾಲೆಯ ಕಾಕಿ ಚಡ್ಡಿ. ಕಾಕಿಯ ಹುಟ್ಟೂರೇ ಮಂಗಳೂರು ಎಂದು ನಮ್ಮವರಿಗೆ ಹೆಮ್ಮೆ. ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಗೆ 1850ರ ದಶಕದಲ್ಲಿ ಬಂದ ಹಾಲರ್ ಎಂಬ ಜರ್ಮನ್ ನೇಕಾರ ಆ ಬಣ್ಣದ ಬಟ್ಟೆ ಮಾಡಿದ್ದು ಹೌದು. ಆದರೆ ಪಂಜಾಬಿನ ಗೈಡ್ಸ್ ಪಡೆಯವರು 1840ರ ದಶಕದಲ್ಲೇ ಕಾಕಿ ತೊಡುತ್ತಿದ್ದರು. ಹುಟ್ಟೂರಿನ ಜಗಳ ಬೇಡ. ಕೊಳೆ ತಡೆಯುವ ಗಟ್ಟಿ ಬಟ್ಟೆ ನಮ್ಮ ಕರಾವಳಿಯಲ್ಲೇ ಸಿಗುತ್ತಿತ್ತು ಎಂದರೆ ಸಾಕು. ಎರಡೂ ಕಡೆಯವರದ್ದು ಬಿಳಿ ಬನಿಯಾನೇ ಆದರೆ ಒಂದು ತಂಡ ಬನಿಯಾನು ಬಿಚ್ಚಿ ಆಡುತ್ತಿತ್ತು.

ಕಂಬಳದಲ್ಲಂತೂ ಕಡೆಯನ್ನು ಬಣ್ಣದಿಂದ ಗುರುತಿಸುವ ಕ್ರಮವೇ ಇಲ್ಲ. ಕೋಣ ಓಡುವ ಎರಡು ಕರೆಗೂ ಹೆಸರು ಉಂಟು: ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ, ವೇಣೂರಿನಲ್ಲಿ ಸೂರ್ಯ-ಚಂದ್ರ. ಕೋಣ ಯಾವ ಕರೆಯಲ್ಲಿ ಓಡಿತು ಎಂದು ಮೈಕಿನಲ್ಲಿ ಹೇಳಿದರೆ ಆಯಿತು. ಈಗ ಕೋಣ ಬಿಡುವ ಮನೆಯವರೂ ಜೊತೆಯ ಹುಡುಗರಿಗೆಲ್ಲ ಒಂದೇ ಬಗೆಯ ಟೀ ಶರ್ಟು ಮಾಡಿಸುತ್ತಾರೆ, ಬೆನ್ನಿಗೆ ಕೋಣದ ಚಿತ್ರ.

ಬೆನ್ನಿಗೆ ನಂಬರು ಬಂದದ್ದೂ ತಡವಾಗಿ. 1928ರ ಆಗಸ್ಟ್ 25ರಂದು ಆರ್ಸೆನಲ್ ಮತ್ತು ಚೆಲ್ಸಿ ತಂಡಗಳು ತಮ್ಮ ತಮ್ಮ ಪಂದ್ಯಗಳಲ್ಲಿ ನಂಬರು ಹಾಕಿ ಆಡಿ ನೋಡಿದವು. 1933ರ ಎಫ್ಎ ಕಪ್ ಫೈನಲಿನಲ್ಲಿ ಒಂದು ತಂಡಕ್ಕೆ 1ರಿಂದ 11, ಇನ್ನೊಂದಕ್ಕೆ 12ರಿಂದ 22. ಇಂಗ್ಲಿಷ್ ಲೀಗಿನಲ್ಲಿ ಕಡ್ಡಾಯವಾದದ್ದು 1939ರಲ್ಲಿ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನಂಬರನ್ನು ಬಟ್ಟೆಯಲ್ಲಿ ಕತ್ತರಿಸಿ ಹೊಲಿಯುತ್ತಿದ್ದೆವು. ಒಂದು, ಏಳು ಸಲೀಸು. ಎಂಟು ಬಂದರೆ ಎರಡು ತೂತು, ಸುತ್ತ ನಾಲ್ಕು ತಿರುವು, ಕೂಲಿ ಅಷ್ಟೇ.

ಹೊನಲು ಬೆಳಕಿನ ಪಂದ್ಯಾಟಗಳು ಶುರುವಾದ ಮೇಲೆ ಸ್ಯಾಟಿನ್ ಕೇಳತೊಡಗಿದರು. ಟ್ಯೂಬ್‌ಲೈಟಿನ ಕೆಳಗೆ ಹತ್ತಿ ಬಟ್ಟೆ ಮಂಕು, ಸ್ಯಾಟಿನ್ ಹೊಳೆಯುತ್ತದೆ. 1950ರ ದಶಕದಲ್ಲಿ ಇಂಗ್ಲೆಂಡಿನ ವುಲ್ವ್ಸ್ ತಂಡದವರು ರಾತ್ರಿ ದೀಪದಲ್ಲಿ ಆಡುವ ಪಂದ್ಯಗಳಿಗೆಂದೇ ಹೊಳೆಯುವ ಬಟ್ಟೆಯ ಬೇರೆ ಅಂಗಿ ಮಾಡಿಸಿದ್ದರು. ಸ್ಯಾಟಿನ್ ಹೊಲಿಗೆಯಲ್ಲಿ ಜಾರುತ್ತದೆ, ಬೆವರಿಗೆ ಅಂಟುತ್ತದೆ, ಕಬಡ್ಡಿಯಲ್ಲಿ ಹಿಡಿದೆಳೆದರೆ ಹೊಲಿಗೆಯಲ್ಲೇ ಬಿಡುತ್ತದೆ. ಆದರೂ ಮೂರನೆಯ ಸಾಲಿನಲ್ಲಿ ಕುಳಿತವರಿಗೆ ಚಂದ ಕಾಣುತ್ತದಲ್ಲ!

ಅಂಗಿಯ ಮೇಲೆ ಹಣ ಕೊಟ್ಟವರ ಹೆಸರು ಬಂದ ಕಥೆ ಇನ್ನೂ ತಮಾಷೆಯದ್ದು. 1973ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್ ತಂಡಕ್ಕೆ ಯೆಗರ್‌ಮೈಸ್ಟರ್ ಎಂಬ ಮದ್ಯದ ಕಂಪನಿ ಹಣ ಕೊಡಲು ಬಂತು. ಜಾಹೀರಾತು ಹಾಕಲು ಅಲ್ಲಿಯ ಫುಟ್‌ಬಾಲ್ ಸಂಸ್ಥೆ ಒಪ್ಪಲಿಲ್ಲ. ಕ್ಲಬ್ಬಿನವರು ತಮ್ಮ ಲಾಂಛನದ ಸಿಂಹವನ್ನೇ ತೆಗೆದು ಕಂಪನಿಯ ಜಿಂಕೆ ತಲೆಯನ್ನು ಲಾಂಛನ ಮಾಡಿಕೊಂಡರು. ಲಾಂಛನಕ್ಕೆ ಬೇಡ ಎನ್ನುವುದು ಹೇಗೆ? ನಮ್ಮಲ್ಲಿ ಇಷ್ಟು ಉಪಾಯ ಬೇಕಾಗಿಲ್ಲ. ಶಾಮಿಯಾನದವರು, ಕ್ಯಾಟರಿಂಗ್‌ನವರು, ಜೆಸಿಬಿಯವರು, ದುಬಾಯಿಯಲ್ಲಿರುವ ಯಾರದ್ದೋ ಅಣ್ಣ, ಎಲ್ಲರೂ ಬೆನ್ನ ಮೇಲೆ ಉಂಟು. ಆಟಗಾರನ ಹೆಸರಿಗೆ ಜಾಗ ಸಾಲದೆ ಅದನ್ನು ತೋಳಿಗೆ ಹಾಕಿದ್ದೂ ಉಂಟು.

ಈಗ ನನ್ನ ಕೈಗೆ ಬರುವುದು ಸಬ್ಲಿಮೇಶನ್ ಮಾಡಿದ ತುಂಡುಗಳು. ಕಾಗದದಲ್ಲಿ ಮುದ್ರಿಸಿದ ಬಣ್ಣ ಸುಮಾರು 200 ಡಿಗ್ರಿ ಬಿಸಿಗೆ ಆವಿಯಾಗಿ ಪಾಲಿಯೆಸ್ಟರಿನ ಎಳೆಯೊಳಗೆ ಹೋಗಿ ಕೂರುತ್ತದೆ. ಹತ್ತಿಗೆ ಹಿಡಿಯುವುದಿಲ್ಲ. ಒಂದು ಬಣ್ಣವಾದರೂ ಇಪ್ಪತ್ತು ಬಣ್ಣವಾದರೂ ಖರ್ಚು ಒಂದೇ. ಹಾಗಾಗಿ ಹುಲಿ, ಬೆಂಕಿ, ಮಿಂಚು, ಎಲ್ಲ ಒಂದೇ ಅಂಗಿಯಲ್ಲಿ. ನನಗೆ ಉಳಿದದ್ದು ಓವರ್‌ಲಾಕ್ ಮತ್ತು ಕಾಲರ್. ಚಂದ ಇಲ್ಲ ಎಂದರೆ ವ್ಯಾಪಾರ ಹೋಗುತ್ತದೆ, ಹಾಗಾಗಿ ಹೇಳುವುದಿಲ್ಲ, ಇಲ್ಲಿ ಬರೆಯುತ್ತೇನೆ.

ಬಣ್ಣ ಎಷ್ಟೇ ಸಿಕ್ಕಿದರೂ ಎರಡು ತಂಡ ಒಂದೇ ಬಣ್ಣದಲ್ಲಿ ಬಂದು ನಿಲ್ಲುವುದು ತಪ್ಪಿಲ್ಲ. 1890ರಲ್ಲಿ ಇಂಗ್ಲಿಷ್ ಲೀಗಿನವರು ಒಬ್ಬರ ಬಣ್ಣ ಇನ್ನೊಬ್ಬರು ನೋಂದಾಯಿಸಬಾರದು ಎಂದು ನಿಯಮ ಮಾಡಿದರು. ನಡೆಯಲಿಲ್ಲ. ಎಲ್ಲರೂ ಎರಡನೆಯ ಜೊತೆ ಇಟ್ಟುಕೊಳ್ಳಿ ಎಂದರು. ಮೊದಮೊದಲು ಬದಲಿಸಬೇಕಾದವರು ಮನೆಯಂಗಳದ ತಂಡದವರು, ಬಂದ ಅತಿಥಿಗಳಿಗೆ ತೊಂದರೆ ಬೇಡವೆಂದು. 1921ರಿಂದ ಅತಿಥಿಗಳೇ ಬದಲಿಸಬೇಕಾಯಿತು. ನಮ್ಮಲ್ಲಿ ಎರಡನೆಯ ಜೊತೆಗೆ ಕಾಸೆಲ್ಲಿ? ಯಾರ ಬಣ್ಣ ಯಾವುದು ಎಂದು ನಾನೇ ಆರ್ಡರ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುತ್ತೇನೆ. ಮೊನ್ನೆ ಒಬ್ಬ ಬಂದು ಹಸಿರು ಕೇಳಿದ.

"ಹಸಿರು ಪಕ್ಕದ ಊರಿನವರದ್ದು ಮಗಾ. ಹಳದಿ ಖಾಲಿ ಉಂಟು."

"ಹಳದಿ ಯಾರು ಹಾಕ್ತಾರೆ ಅಕ್ಕ?"

ಬ್ರೆಜಿಲ್‌ನವರು ಮೊದಲು ಬಿಳಿ ಹಾಕುತ್ತಿದ್ದರು, 1950ರಲ್ಲಿ ತಮ್ಮದೇ ಊರಿನಲ್ಲಿ ಉರುಗ್ವೆಗೆ ಸೋತ ಮೇಲೆ ಆ ಬಿಳಿಯೇ ಬೇಡವಾಯಿತು, 1953ರಲ್ಲಿ ಒಂದು ಪತ್ರಿಕೆ ಸ್ಪರ್ಧೆ ಇಟ್ಟಿತು, ಗೆದ್ದದ್ದು ಅಲ್ದಿರ್ ಶ್ಲೀ ಎಂಬ ಹುಡುಗ ಬರೆದ ಹಳದಿ ಅಂಗಿ ಎಂದು ಹೇಳಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿದ. ಚಡ್ಡಿಯ ಬಣ್ಣ ಯಾವುದು ಎಂದು ಕೇಳಿದ. ನೀಲಿ ಎಂದೆ. ಹಳೆಯ ನೀಲಿ ಚಡ್ಡಿ ಅವರ ಹತ್ತಿರ ಇದ್ದವಂತೆ, ಹಾಗಾದರೆ ಅಂಗಿ ಮಾತ್ರ ಸಾಕು ಎಂದು ಮುಂಗಡ ಕೊಟ್ಟು ಹೋದ.