ಬೈಲಕುಪ್ಪೆಯ ಟಿಬೆಟನ್ ವಸಾಹತುಗಳು

ಬೈಲಕುಪ್ಪೆಯ ಟಿಬೆಟನ್ ವಸಾಹತುಗಳು ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿವೆ. 1959ರ ನಂತರ ಟಿಬೆಟ್ ತೊರೆದು ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯ ಸರ್ಕಾರವು ಇಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಗುತ್ತಿಗೆಗೆ ನೀಡಿತು. ಮೊದಲ ವಸಾಹತು ಲುಗ್ಸುಂಗ್ ಸಮ್ದುಪ್ಲಿಂಗ್ 1960-61ರಲ್ಲಿ ಆರಂಭವಾಯಿತು. ಡಿಕ್ಯಿ ಲಾರ್ಸೊ 1969ರಲ್ಲಿ ಸ್ಥಾಪನೆಗೊಂಡಿತು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿಯೂ ಇಂತಹುದೇ ವಸಾಹತಿದೆ.

ತಂಪು ಪ್ರಸ್ಥಭೂಮಿಯಿಂದ ಬಂದವರು ಕಾಡು ಕಡಿದು ಮುಸುಕಿನ ಜೋಳ ಬೆಳೆಯಲು ಕಲಿತರು. ಬೆಳೆಯ ಮಾರಾಟಕ್ಕೆ ಸಹಕಾರ ಸಂಘ ನೆರವಾಯಿತು. ಮಳೆಯಾಶ್ರಿತ ಬೇಸಾಯದ ಆದಾಯ ಸಾಲದಿದ್ದುದರಿಂದ ಅನೇಕ ಕುಟುಂಬಗಳು ಚಳಿಗಾಲದಲ್ಲಿ ದೂರದ ನಗರಗಳಿಗೆ ಹೋಗಿ ಸ್ವೆಟರ್ ಮಾರುವುದನ್ನು ರೂಢಿಸಿಕೊಂಡವು.

ವಿದ್ಯಾವಂತ ಪೀಳಿಗೆಯ ತೊಡಕು ಬೇರೆಯದು. ನೋಂದಣಿ ಪ್ರಮಾಣಪತ್ರ ಹೊಂದಿರುವವರು ಕಾನೂನಿನ ದೃಷ್ಟಿಯಲ್ಲಿ ವಿದೇಶಿಯರಾಗಿದ್ದು, ಸರ್ಕಾರಿ ನೌಕರಿ ಅವರಿಗೆ ಬಹುಮಟ್ಟಿಗೆ ಎಟುಕದು. ಆದರೆ 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಭಾರತದಲ್ಲಿ ಜನಿಸಿದ ಟಿಬೆಟನ್ನರು ಜನ್ಮತಃ ಭಾರತೀಯ ಪ್ರಜೆಗಳೆಂಬುದನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2013ರಲ್ಲಿ ಎತ್ತಿಹಿಡಿಯಿತು.