ಫೆಬ್ರವರಿ 29: ಮಕ್ಕಳೊಂದಿಗೆ ಒಂದು ದಿನದ ಲೆಕ್ಕ

ನಮ್ಮ ಶಾಲಾ ದಾಖಲೆಯಲ್ಲಿ ಹುಟ್ಟಿದ ದಿನ 1980ರ ಜೂನ್ 1 ಎಂದಿದೆ. ನಮ್ಮದಷ್ಟೇ ಅಲ್ಲ, ಆ ತರಗತಿಯ ಅರ್ಧಕ್ಕರ್ಧ ಮಕ್ಕಳದೂ ಅದೇ. ಶಾಲೆಗೆ ಸೇರಿಸಲು ಬಂದ ತಾಯಂದಿರಿಗೆ ತಾರೀಖು ಗೊತ್ತಿರಲಿಲ್ಲ, ಮೇಷ್ಟ್ರಿಗೆ ಬರೆಯಲು ಒಂದು ತಾರೀಖು ಬೇಕಿತ್ತು. ಆದರೆ ಅಮ್ಮಿಯ ನೆನಪು ಮಾತ್ರ ಸ್ಪಷ್ಟ: ಜೋರು ಮಳೆಯ ರಮಝಾನ್, ಎಂಟನೆಯ ರೋಜಾ, ಇಫ್ತಾರಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಇಂತಹ ನೆನಪನ್ನು ಬರೆದುಕೊಳ್ಳಲು ಅರ್ಜಿಯಲ್ಲಿ ಜಾಗವಿರಲಿಲ್ಲ.

ಈ ಸಂಗತಿ ಮತ್ತೆ ಮನೆಯಲ್ಲಿ ಮಾತಿಗೆ ಬಂದದ್ದು 2024ರ ಫೆಬ್ರವರಿ 29ರ ಗುರುವಾರ. ಶಬೆ ಬರಾತ್ ಕಳೆದು ನಾಲ್ಕು ದಿನವಾಗಿತ್ತು. ನಾಲ್ಕು ವರ್ಷಕ್ಕೊಮ್ಮೆ ಬರುವ ದಿನ, ಏನಾದರೂ ಮಾಡಲೇಬೇಕು ಎಂದು ಮಕ್ಕಳು ದುಂಬಾಲು ಬಿದ್ದರು. ಪಕ್ಕದ ಮನೆಯವೂ ಸೇರಿ ನಾಲ್ವರು. ಕೇಕಿನ ಪ್ರಸ್ತಾಪವನ್ನು ನಾವು ಜಾಣತನದಿಂದ ತೇಲಿಸಿಬಿಟ್ಟೆವು. ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ಇತ್ತು, ಅದೇ ಸಾಕಾಯಿತು.

ಒಂದು ರೊಟ್ಟಿ ಎಂದರೆ ಒಂದು ಇಡೀ ದಿನ, 24 ಗಂಟೆ. ಅದನ್ನು ನಾಲ್ಕು ಭಾಗ ಮಾಡಿ ಒಬ್ಬೊಬ್ಬರ ಕೈಗೆ ಒಂದೊಂದು ತುಂಡು ಕೊಟ್ಟೆವು. ಭೂಮಿ ಸೂರ್ಯನ ಸುತ್ತು ಮುಗಿಸಿ ಅದೇ ಋತುವಿಗೆ ಮರಳಲು 365 ದಿನ ಸಾಲದು, ಇನ್ನೂ ಹೆಚ್ಚುಕಡಿಮೆ ಕಾಲು ದಿನ ಬೇಕು. ವರ್ಷಕ್ಕೊಂದು ತುಂಡಿನಂತೆ ಕೂಡಿಟ್ಟರೆ ನಾಲ್ಕನೆಯ ವರ್ಷ ಇಡೀ ರೊಟ್ಟಿ, ಅಂದರೆ ಫೆಬ್ರವರಿ 29. ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ಆದರೆ ಆ ಕಾಲು ದಿನ ಪೂರ್ತಿ ಆರು ಗಂಟೆಯಲ್ಲ, 5 ಗಂಟೆ 48 ನಿಮಿಷ 46 ಸೆಕೆಂಡು. ಪ್ರತಿ ತುಂಡಿನ ಅಂಚಿನಿಂದ ಇರುವೆಗೆ ಸಾಕಾಗುವಷ್ಟು ಚೂರು ಕಿತ್ತು ತಟ್ಟೆಯಲ್ಲಿಡಲು ಹೇಳಿದೆವು. ವರ್ಷಕ್ಕೆ ಸುಮಾರು 11 ನಿಮಿಷದ ಈ ಚೂರು 128 ವರ್ಷ ಕೂಡಿದರೆ ಮತ್ತೊಂದು ರೊಟ್ಟಿಯೇ ಆಗುತ್ತದೆ. ಜಗತ್ತಿನ ಕ್ಯಾಲೆಂಡರುಗಳ ಜಗಳವೆಲ್ಲ ಈ ಚೂರಿನದು.

"ಫೆಬ್ರವರಿಗೇ ಯಾಕೆ ಸೇರಿಸಿದರು?" ಎಂದಳು ಚಿಕ್ಕವಳು. ಹಳೆಯ ರೋಮಿನಲ್ಲಿ ವರ್ಷ ಮಾರ್ಚಿನಿಂದ ಆರಂಭವಾಗುತ್ತಿತ್ತು, ಫೆಬ್ರವರಿ ಕೊನೆಯ ತಿಂಗಳು. ಉಳಿದದ್ದನ್ನು ಸೇರಿಸುವುದು ಕೊನೆಯಲ್ಲೇ ತಾನೇ? ಅಲ್ಲಿ ಹೆಚ್ಚುವರಿ ತಿಂಗಳನ್ನು ಸೇರಿಸುವ, ಬಿಡುವ ಅಧಿಕಾರ ಪುರೋಹಿತರ ಕೈಯಲ್ಲಿತ್ತು. ತಮಗೆ ಬೇಕಾದವರ ಅಧಿಕಾರದ ಅವಧಿ ಹಿಗ್ಗಿಸಲು, ಬೇಡದವರದ್ದು ಕುಗ್ಗಿಸಲು ಅವರು ಅದನ್ನು ಬಳಸಿದರು. ಜೂಲಿಯಸ್ ಸೀಸರ್ ಇದನ್ನು ಸರಿಪಡಿಸಲು ಹೊರಟಾಗ ಕ್ರಿ.ಪೂ. 46ನೆಯ ವರ್ಷವನ್ನು 445 ದಿನಗಳಿಗೆ ಎಳೆಯಬೇಕಾಯಿತು. ಅಲೆಕ್ಸಾಂಡ್ರಿಯಾದ ಸೋಸಿಜೆನಿಸ್ ಅವನಿಗೆ ಲೆಕ್ಕ ಹೇಳಿಕೊಟ್ಟವನು. ಸೀಸರ್ ಸತ್ತ ಮೇಲೆ ಪುರೋಹಿತರು 'ನಾಲ್ಕನೆಯ ವರ್ಷ' ಎಂಬುದನ್ನು ಹಿಂದಿನ ಅಧಿಕ ವರ್ಷವನ್ನೂ ಸೇರಿಸಿ ಎಣಿಸಿ, ಮೂರು ವರ್ಷಕ್ಕೊಮ್ಮೆ ದಿನ ಕೂಡಿಸುತ್ತ ಹೋದರು. ಅದನ್ನು ಅಗಸ್ಟಸ್ ತಿದ್ದಬೇಕಾಯಿತು. ಒಂದನೆಯ ಕ್ಲಾಸಿನ ತಪ್ಪು ಎಂದು ನಮ್ಮ ಮಕ್ಕಳು ನಕ್ಕರು.

ಇಂಥದೇ ಆಟ ಅರಬರಲ್ಲೂ ಇತ್ತು. ಯುದ್ಧ ನಿಷಿದ್ಧವಾದ ಪವಿತ್ರ ತಿಂಗಳುಗಳನ್ನು ತಮ್ಮ ಅನುಕೂಲಕ್ಕೆ ಮುಂದೂಡುವ ಪದ್ಧತಿಗೆ 'ನಸೀ' ಎಂದು ಹೆಸರು. ಕುರ್‌ಆನಿನ ತೌಬಾ ಅಧ್ಯಾಯ ಇದನ್ನು ನಿಷೇಧಿಸಿತು. ಹಿಜರಿ ವರ್ಷ ಹನ್ನೆರಡು ಚಾಂದ್ರಮಾಸಗಳಷ್ಟೇ ಆಗಿ, ಸುಮಾರು 354 ದಿನಗಳಲ್ಲಿ ಮುಗಿಯುವುದು ಇದರಿಂದಲೇ. ಪ್ರತಿ ವರ್ಷ 11 ದಿನದಷ್ಟು ಹಿಂದೆ ಸರಿಯುತ್ತ, 33 ವರ್ಷಕ್ಕೆ ಋತುಗಳ ಒಂದು ಸುತ್ತು ಮುಗಿಸುತ್ತದೆ. ಒಬ್ಬ ಮನುಷ್ಯ ಬದುಕಿನಲ್ಲಿ ಸೆಕೆಯ ರಮಝಾನನ್ನೂ ಚಳಿಯ ರಮಝಾನನ್ನೂ ಕಾಣುತ್ತಾನೆ.

ಆರಾಧನೆಗೆ ಇದು ಸರಿ, ಕಂದಾಯಕ್ಕೆ ಕಷ್ಟ. ಪೈರು ಚಂದ್ರನನ್ನು ನೋಡಿ ಮಾಗುವುದಿಲ್ಲ. ಹಾಗಾಗಿ ಮುಸ್ಲಿಂ ಅರಸರೂ ಸೂರ್ಯನ ಲೆಕ್ಕ ಇಟ್ಟುಕೊಂಡಿದ್ದರು. ಸೆಲ್ಜುಕ್ ಸುಲ್ತಾನ ಮಲಿಕ್ ಷಾನ ಆಸ್ಥಾನದ ಖಗೋಳಜ್ಞರು 1079ರಲ್ಲಿ ಜಲಾಲಿ ಪಂಚಾಂಗ ಜಾರಿಗೆ ತಂದರು. ಆ ತಂಡದಲ್ಲಿದ್ದ ಉಮರ್ ಖಯ್ಯಾಮನನ್ನು ನಾವು ಮಧುಪಾತ್ರೆಯ ಕವಿಯೆಂದಷ್ಟೇ ನೆನಪಿಟ್ಟುಕೊಂಡಿದ್ದೇವೆ! ನಮ್ಮ ನಾಡಿನ ಟಿಪ್ಪು ಸುಲ್ತಾನ್ 1787ರಲ್ಲಿ ಮೌಲೂದಿ ಶಕೆ ಆರಂಭಿಸಿದಾಗ ಇಲ್ಲಿಯ ಪಂಚಾಂಗದ ಕ್ರಮವನ್ನೇ ಅನುಸರಿಸಿದ. ತಿಂಗಳ ಹೆಸರುಗಳು ಅಹ್ಮದಿ, ಬಹಾರಿ ಎಂದು, ಆದರೆ ಅಹ್ಮದಿ ಬರುವುದು ಚೈತ್ರಕ್ಕೆ. ಅರವತ್ತು ಸಂವತ್ಸರಗಳ ಚಕ್ರ, ಅಧಿಕಮಾಸ ಎಲ್ಲವೂ ಉಂಟು. ನಾಣ್ಯಗಳ ಮೇಲೆ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ, 1215 ನೋಡಲು 5121ರಂತೆ ಕಾಣುತ್ತದೆ. ಮಕ್ಕಳು ತಮ್ಮ ತಮ್ಮ ಹುಟ್ಟಿದ ಇಸವಿಯನ್ನು ಹಾಗೆ ಬರೆದುಕೊಂಡು ಬಹಳ ಹೊತ್ತು ಆಡಿದರು.

ಯುರೋಪಿನಲ್ಲಿ ಚೂರುಗಳು ಸೇರಿ ಹತ್ತು ರೊಟ್ಟಿಯಾದವು. ಪೋಪ್ ಹದಿಮೂರನೆಯ ಗ್ರೆಗರಿ ಅವನ್ನು 1582ರಲ್ಲಿ ಒಮ್ಮೆಲೇ ತೆಗೆದುಹಾಕಿದ. ಅಕ್ಟೋಬರ್ 4ರ ಮರುದಿನ 15 ಆಯಿತು. ಶತಮಾನದ ವರ್ಷಗಳಲ್ಲಿ 400ರಿಂದ ಭಾಗವಾಗುವವು ಮಾತ್ರ ಅಧಿಕ ವರ್ಷ ಎಂಬ ನಿಯಮ ಅಂದಿನದು. 2000ಕ್ಕೆ 29 ಸಿಕ್ಕಿತು, 1900ಕ್ಕೆ ಸಿಗಲಿಲ್ಲ. 1896ರ ಫೆಬ್ರವರಿ 29ರಂದು ಹುಟ್ಟಿದ ಮೊರಾರ್ಜಿ ದೇಸಾಯಿಯವರು ಮೊದಲ ಹುಟ್ಟುಹಬ್ಬಕ್ಕೆ ಎಂಟು ವರ್ಷ ಕಾಯಬೇಕಾಯಿತು. 1995ರಲ್ಲಿ, 99ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಅವರು ಕಂಡಿದ್ದ ಫೆಬ್ರವರಿ 29ರ ಹುಟ್ಟುಹಬ್ಬ ಬರೇ 23.

ಇದನ್ನು ಕೇಳಿದ ದೊಡ್ಡವನು, "ನಿಮ್ಮ ನಿಜವಾದ ಹುಟ್ಟಿದ ದಿನ ಹುಡುಕೋಣ" ಎಂದ. ಗೋಡೆಯ ಕ್ಯಾಲೆಂಡರಿನಲ್ಲಿ ಇಂಗ್ಲಿಷ್ ತಾರೀಖು, ಹಿಜರಿ, ತಿಥಿ ಮೂರೂ ಇವೆಯಲ್ಲ, ಅದನ್ನು ಕೆಳಗಿಳಿಸಿಕೊಂಡು ಕುಳಿತರು. 33 ವರ್ಷದ ಸುತ್ತನ್ನು ಹಿಡಿದು ಹೊರಟರು. 2013ರಲ್ಲಿ ರಮಝಾನ್ ಜುಲೈ ತಿಂಗಳಲ್ಲಿತ್ತು, ಹಾಗಾದರೆ 1980ರಲ್ಲೂ. ಅಮ್ಮಿ ಹೇಳುವ ಮಳೆಯೂ ಕೂಡಿಬಂತು. ದಿನ ಒಂದು ಆಚೀಚೆಯಾಗಿ ಜುಲೈ 22 ಎಂದು ತೀರ್ಮಾನವಾಯಿತು.

ಮೂಲೆಯಲ್ಲಿ ತಸ್ಬೀಹ್ ಹಿಡಿದು ಕೂತಿದ್ದ ಅಮ್ಮಿ ತಲೆಯೆತ್ತಿದರು. "ಹಾಗಾದರೆ ಮೇಷ್ಟ್ರು ನಿನ್ನನ್ನು ಹುಟ್ಟುವ ಮೊದಲೇ ಹುಟ್ಟಿಸಿಬಿಟ್ಟರು!" ಮಕ್ಕಳಿಗೆ ನಗು ತಡೆಯಲಿಲ್ಲ, ನಮಗೂ. ಆದರೆ ದಾಖಲೆಯನ್ನು ತಿದ್ದಿಸಲು ಹೊರಟರೆ ಯಾವ ಕಾಗದ ತೋರಿಸುವುದು? ನಮ್ಮ ಕೈಯಲ್ಲಿರುವುದು ಅಮ್ಮಿಯ ಬಾಯಿಮಾತು. ಅವರದೇ ಆಧಾರ್ ಕಾರ್ಡಿನಲ್ಲಿ ಹುಟ್ಟಿದ್ದು ಜನವರಿ 1 ಎಂದಿದೆ, ಅದೂ ಯಾರೋ ಬರೆದದ್ದು.

ಕೊನೆಗೆ ಮಕ್ಕಳು ಬಿಸ್ಕತ್ತಿನ ಖಾಲಿ ಡಬ್ಬಿ ತಂದರು. ಒಬ್ಬೊಬ್ಬರೂ 2028ಕ್ಕೆ ಒಂದೊಂದು ಚೀಟಿ ಬರೆದು ಹಾಕಿದರು, ಎತ್ತರ ಎಷ್ಟು, ಯಾವ ಹಲ್ಲು ಬಿದ್ದಿದೆ ಇತ್ಯಾದಿ. ಆ ಫೆಬ್ರವರಿ 29 ಮಂಗಳವಾರ ಬರುತ್ತದೆ. ಈ ಸಲ ಆ ದಿನದಿಂದ ರಮಝಾನಿಗೆ ಇನ್ನೂ ಹನ್ನೆರಡು ದಿನವಿತ್ತು, ಆ ಸಲ ಲೆಕ್ಕದ ಪ್ರಕಾರ ಈದ್ ಕಳೆದು ಒಂದೆರಡು ದಿನವಾಗಿರಬೇಕು. ಈದಿಯ ದುಡ್ಡು ಇನ್ನೂ ಖರ್ಚಾಗಿರುವುದಿಲ್ಲ ಎಂದು ಚಿಕ್ಕವಳು ಆಗಲೇ ಹಿಗ್ಗಿದಳು.

ಮುಚ್ಚಳ ಹಾಕುವ ಮುನ್ನ ಅಮ್ಮಿ ತಮ್ಮದೂ ಒಂದು ಚೀಟಿ ಇರಲಿ ಎಂದರು. ನಾವು ಉರ್ದುವಿನಲ್ಲಿ, ಅವರು ಹೇಳಿದ ಹಾಗೆಯೇ ಬರೆದೆವು: ಜೋರು ಮಳೆ, ಎಂಟನೆಯ ರೋಜಾ, ಇಫ್ತಾರಿಗೆ ಮುಂಚೆ. ಕೆಳಗೆ ಹಿಜರಿ 1400 ಎಂದು ಸೇರಿಸಿದೆವು. ಅವರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಮಡಿಸಿ, ತಾವೇ ಡಬ್ಬಿಗೆ ಹಾಕಿದರು.