ಸಾಯದಷ್ಟು ಆಂಟಿಬಯೋಟಿಕ್ ಸಿಕ್ಕರೆ ಬ್ಯಾಕ್ಟೀರಿಯಾ ಏನು ಮಾಡುತ್ತೆ?

ಮೈಸೂರು ರಸ್ತೆಯಲ್ಲಿ ಕೆಂಗೇರಿ ಕಡೆ ಓಡಾಡುವವರಿಗೆ ವೃಷಭಾವತಿಯ ವಾಸನೆ ಗೊತ್ತೇ ಇರುತ್ತೆ. ರಾಜಾಜಿನಗರ, ವಿಜಯನಗರದ ಮನೆಗಳ ಕೊಳಚೆ, ಕಾರ್ಖಾನೆಗಳ ನೀರು ಎಲ್ಲ ಸೇರಿ ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹೋಗುತ್ತೆ. ನಾವು ನುಂಗಿದ ಆಂಟಿಬಯೋಟಿಕ್‌ನ ಒಂದು ಪಾಲೂ ಮೂತ್ರದ ಜೊತೆ ಕೊಳಚೆಗೇ ಸೇರೋದು. ಅಷ್ಟು ಕಡಿಮೆ ಔಷಧದಿಂದ ಬ್ಯಾಕ್ಟೀರಿಯಾ ಸಾಯಲ್ಲ, ಸರಿ. ಆದರೆ ಸುಮ್ಮನೂ ಕೂರಲ್ಲ.

ಸಿಪ್ರೋಫ್ಲಾಕ್ಸಸಿನ್ ತಗೊಳ್ಳಿ. ಅದು ಬ್ಯಾಕ್ಟೀರಿಯಾದ ಡಿಎನ್‌ಎ ತುಂಡಾಗುವಂತೆ ಮಾಡುತ್ತೆ. ತುಂಡಾದ ಎಳೆಗೆ ರೆಕ್‌ಎ ಎಂಬ ಪ್ರೋಟೀನ್ ಸುತ್ತಿಕೊಂಡಾಗ, ರಿಪೇರಿ ಜೀನ್‌ಗಳನ್ನು ಅದುಮಿ ಹಿಡಿದಿರುವ ಲೆಕ್ಸ್‌ಎ ಎಂಬ ಇನ್ನೊಂದು ಪ್ರೋಟೀನ್ ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತೆ. ಆ ಜೀನ್‌ಗಳು ಕೆಲಸ ಶುರುಮಾಡ್ತವೆ. ಇದಕ್ಕೆ ಎಸ್‌ಒಎಸ್ ಪ್ರತಿಕ್ರಿಯೆ ಅಂತಾರೆ. ಇಂಜಿನಿಯರಿಂಗ್ ಭಾಷೆಯಲ್ಲಿ ಹೇಳೋದಾದರೆ, ಫೈರ್ ಅಲಾರ್ಮ್ ಹೊಡೆದ ಕೂಡಲೇ ಲಾಕ್ ಆಗಿರೋ ಬಾಗಿಲುಗಳು ತಾವಾಗೇ ತೆರೆಯೋ ವ್ಯವಸ್ಥೆ.

ಅದೇ ಅಲಾರ್ಮ್‌ಗೆ ಒಳಗಿನ ಬಾಡಿಗೆದಾರನೊಬ್ಬ ತನ್ನ ಬಾಗಿಲನ್ನೂ ಜೋಡಿಸಿಕೊಂಡಿದ್ದಾನೆ. 1992ರಲ್ಲಿ ಮದ್ರಾಸಿನಲ್ಲಿ ಒ139 ಎಂಬ ಹೊಸ ಬಗೆಯ ಕಾಲರಾ ಬ್ಯಾಕ್ಟೀರಿಯಾ ಕಾಣಿಸಿಕೊಂಡಿತು. ಅದರ ಕ್ರೋಮೋಸೋಮಿನಲ್ಲಿ ಎಸ್‌ಎಕ್ಸ್‌ಟಿ ಎಂಬ ಡಿಎನ್‌ಎ ತುಣುಕಿತ್ತು. ಸಲ್ಫಾಮೆಥಾಕ್ಸಜೋಲ್, ಟ್ರೈಮೆಥೋಪ್ರಿಮ್, ಕ್ಲೋರಾಂಫೆನಿಕಾಲ್, ಸ್ಟ್ರೆಪ್ಟೊಮೈಸಿನ್ ಇವೆಲ್ಲಕ್ಕೂ ಪ್ರತಿರೋಧ ಕೊಡುವ ಜೀನ್‌ಗಳು ಅದರಲ್ಲಿವೆ. ಈ ತುಣುಕನ್ನು ತಡೆದಿಟ್ಟಿರೋದು ಸೆಟ್‌ಆರ್ ಎಂಬ ಪ್ರೋಟೀನ್. ಎಸ್‌ಒಎಸ್ ಶುರುವಾದರೆ ಸೆಟ್‌ಆರ್ ಕೂಡ ಲೆಕ್ಸ್‌ಎ ಥರಾನೇ ತುಂಡಾಗುತ್ತೆ. ಆಗ ಎಸ್‌ಎಕ್ಸ್‌ಟಿ ಕ್ರೋಮೋಸೋಮಿನಿಂದ ಬಿಡಿಸಿಕೊಂಡು, ಉಂಗುರದಂತಾಗಿ, ಪಕ್ಕದ ಬ್ಯಾಕ್ಟೀರಿಯಾಕ್ಕೆ ದಾಟುತ್ತೆ. ಸಿಪ್ರೋಫ್ಲಾಕ್ಸಸಿನ್ ಹಾಕಿದರೆ ಈ ದಾಟುವಿಕೆ ಹೆಚ್ಚುತ್ತೆ ಅಂತ 2004ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬೀಬರ್, ಹೋಖುಟ್, ವಾಲ್ಡರ್ ತೋರಿಸಿದರು.

ಗಮನಿಸಿ, ಎಸ್‌ಎಕ್ಸ್‌ಟಿ ಹೊತ್ತಿದ್ದು ಸಿಪ್ರೋಫ್ಲಾಕ್ಸಸಿನ್‌ಗೆ ಪ್ರತಿರೋಧವನ್ನಲ್ಲ. ಒಂದು ಔಷಧ ಬಿತ್ತು, ಬೇರೆ ನಾಲ್ಕಕ್ಕೆ ಪ್ರತಿರೋಧ ಹರಡಿತು. 'ಕೋರ್ಸ್ ಪೂರ್ತಿ ಮುಗಿಸಿ' ಅಂತ ರೋಗಿಗೆ ಮಾತ್ರ ಬುದ್ಧಿ ಹೇಳುವ ಪೋಸ್ಟರ್‌ಗಳು ನನಗೆ ಸಾಲದು ಅನ್ನಿಸೋದು ಇದಕ್ಕೇ.

ಇದೆಲ್ಲ ಪ್ರಯೋಗಾಲಯದ ಮಾತು ನಿಜ. ಆದರೆ ನೀತಿ ಮಾಡುವವರಿಗೆ ಅಪಾಯ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. 2020ರ ಜನವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ, ಔಷಧ ಕಾರ್ಖಾನೆಗಳ ತ್ಯಾಜ್ಯನೀರಲ್ಲಿ ಆಂಟಿಬಯೋಟಿಕ್ ಎಷ್ಟಿರಬಹುದು ಅಂತ ಕರಡಿನಲ್ಲಿ ಮಿತಿ ಹಾಕಿತ್ತು. 2021ರ ಆಗಸ್ಟ್‌ನ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳೇ ಮಾಯ. ಇನ್ನು ಊರಿನ ಎಸ್‌ಟಿಪಿಗಳ ಮಾನದಂಡದಲ್ಲಿ ಬಿಒಡಿ ಇದೆ, ಫೀಕಲ್ ಕೋಲಿಫಾರ್ಮ್ ಇದೆ. ಆಂಟಿಬಯೋಟಿಕ್ ಅನ್ನೋ ಸಾಲೇ ಇಲ್ಲ. ಬೈರಮಂಗಲದ ರೈತರು ಬೆಳೆಗೆ ಹಾಯಿಸೋದು ಇದೇ ವೃಷಭಾವತಿಯ ನೀರನ್ನು.